ಪುಸ್ತಕ ಹೇಳುವುದು, ಪೊಟ್ಟಣ ಹೇಳಬಹುದಾದದ್ದು

ಆರೋಗ್ಯಾಹಾರದ ಪುಸ್ತಕಗಳು ಮತ್ತು ರವಿವಾರ ಪೇಟೆಯ ಧಾನ್ಯ ವ್ಯಾಪಾರ

ಬೆಳಗಾವಿಯ ರವಿವಾರ ಪೇಟೆಯು ಕಿರಾಣಿ ಹಾಗೂ ಧಾನ್ಯಗಳ ಸಗಟು ವ್ಯಾಪಾರಕ್ಕೆ ಹೆಸರಾದ ಹಳೆಯ ಪೇಟೆ. ಇಲ್ಲಿಯ ವ್ಯವಹಾರ ತಲೆಮಾರುಗಳಿಂದ ಮೂರು ಸಂಗತಿಗಳ ಮೇಲೆ ನಿಂತಿದೆ: ತಳಿ, ದರ್ಜೆ ಮತ್ತು ದರ. ಜೋಳವಾದರೆ ಯಾವ ಸೀಮೆಯದು, ಅಕ್ಕಿಯಾದರೆ ಎಷ್ಟು ಹಳೆಯದು, ಬೇಳೆಯಾದರೆ ಎಷ್ಟು ನುಚ್ಚು ಎಂದು ಕೇಳುವ ಗ್ರಾಹಕನನ್ನು ಪೇಟೆಯ ವರ್ತಕರು ಚೆನ್ನಾಗಿ ಬಲ್ಲರು. ಕಳೆದ ಒಂದು ದಶಕಕ್ಕೂ ಮಿಕ್ಕಿದ ಅವಧಿಯಲ್ಲಿ ಇನ್ನೊಂದು ಬಗೆಯ ಗ್ರಾಹಕ ಅಂಗಡಿಯ ಮೆಟ್ಟಿಲೇರುತ್ತಿದ್ದಾನೆ. ಅವನ ಕೈಯಲ್ಲಿ ಪುಸ್ತಕದಿಂದ ಬರೆದುಕೊಂಡ ಚೀಟಿ ಇರುತ್ತದೆ. ಪಾಲಿಶ್ ಮಾಡದ ಸಾಮೆ, ಗಾಣದ ಕುಸುಬೆ ಎಣ್ಣೆ, ರಾಸಾಯನಿಕ ಹಾಕದ ಕಪ್ಪು ಬೆಲ್ಲ, ಸಿಪ್ಪೆ ಸಹಿತ ಹೆಸರು ಎಂದು ಅವನು ಕೇಳುತ್ತಾನೆ. ದರದ ಬಗ್ಗೆ ಹೆಚ್ಚು ಚೌಕಾಸಿ ಮಾಡುವುದಿಲ್ಲ; ಆದರೆ ಸರಕು ಪುಸ್ತಕದಲ್ಲಿ ಹೇಳಿದಂತೆಯೇ ಇರಬೇಕೆಂದು ಹಟ ಹಿಡಿಯುತ್ತಾನೆ.

ಈ ಗ್ರಾಹಕನಿಂದ ಲಾಭವುಂಟು, ಅಪಾಯವೂ ಉಂಟು. ಲಾಭ ಎಲ್ಲರ ಕಣ್ಣಿಗೂ ಕಾಣುತ್ತದೆ. ಅಪಾಯವಿರುವುದು ಪುಸ್ತಕದ ಮಾತನ್ನು ಹಾಗೆಯೇ ಪೊಟ್ಟಣದ ಮೇಲೆ ಮುದ್ರಿಸುವುದರಲ್ಲಿ ಮತ್ತು ಅದನ್ನು ನಂಬಿ ಉಗ್ರಾಣ ತುಂಬುವುದರಲ್ಲಿ. ಆಹಾರದ ಪುಸ್ತಕಗಳು ವ್ಯಾಪಾರವನ್ನು ಹೇಗೆ ರೂಪಿಸಿವೆ, ಅವುಗಳಿಂದ ವರ್ತಕರೂ ಸಣ್ಣ ಉದ್ದಿಮೆದಾರರೂ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ವಿಚಾರಾರ್ಹ.

ಕನ್ನಡದ ಹಳೆಯ ಆಹಾರ ಗ್ರಂಥಗಳು

ಸಸ್ಯಾಹಾರವನ್ನು ಕುರಿತು ಪುಸ್ತಕ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ವೈದ್ಯ, ವಾಸ್ತು ಮೊದಲಾದ ಲೋಕೋಪಯೋಗಿ ವಿಷಯಗಳ ಜೊತೆಗೆ ಅಡುಗೆಗೂ ಸ್ಥಾನ ದೊರೆತಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಪೂರ್ತಿಯಾಗಿ ಪಾಕಕ್ಕೆ ಮೀಸಲಾದ ಗ್ರಂಥ. ಹಿಟ್ಟಿನ ತಿನಿಸು, ಪಾನಕ, ಅನ್ನ, ತರಕಾರಿ ಎಂದು ವಿಂಗಡಿಸಿ ಸಸ್ಯಾಹಾರದ ಅಡುಗೆಗಳನ್ನು ಅವನು ಷಟ್ಪದಿಯಲ್ಲಿ ವಿವರಿಸಿದ್ದಾನೆ.

ವ್ಯಾಪಾರಸ್ಥರಿಗೆ ಇನ್ನೂ ಹತ್ತಿರವಾದ ಕೃತಿ ಕನಕದಾಸರ ‘ರಾಮಧಾನ್ಯ ಚರಿತ್ರೆ’. ಅಕ್ಕಿ ಮತ್ತು ರಾಗಿಗಳ ನಡುವೆ ಯಾರು ಶ್ರೇಷ್ಠರೆಂಬ ವಾದ ಹುಟ್ಟಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಲಾಗುತ್ತದೆ. ಕೊನೆಗೆ ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ಕಾವ್ಯದ ಆಶಯ ಸಾಮಾಜಿಕವಾದದ್ದು. ಆದರೆ ತೀರ್ಪಿಗೆ ಆಧಾರವಾದದ್ದು ಉಗ್ರಾಣದ ಗುಣ, ಅಂದರೆ ದಾಸ್ತಾನಿನಲ್ಲಿ ತಾಳಿಕೊಳ್ಳುವ ಶಕ್ತಿ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎಂಬ ರೈತನ ಅನುಭವವೇ ಅಲ್ಲಿ ಕಾವ್ಯವಾಗಿದೆ.

ಈ ಹಳೆಯ ಗ್ರಂಥಗಳು ಬಹುಮಟ್ಟಿಗೆ ಊಟದ ರುಚಿ, ಹದ ಮತ್ತು ಹಿತವನ್ನು ಹೇಳಿದವು. ಆಧುನಿಕ ಆಹಾರ ಪುಸ್ತಕಗಳ ದಾರಿ ಬೇರೆ. ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂದು ಅವು ನಿರ್ದೇಶಿಸುತ್ತವೆ. ಆದುದರಿಂದಲೇ ಅವುಗಳ ಪರಿಣಾಮ ನೇರವಾಗಿ ಮಾರುಕಟ್ಟೆಯ ಮೇಲಾಗುತ್ತದೆ.

ಒಂದು ಶಿಲಿಂಗ್ ಪುಸ್ತಕ

ಅಂತಹ ಪರಿಣಾಮಕ್ಕೆ ಒಳ್ಳೆಯ ನಿದರ್ಶನ ಗಾಂಧೀಜಿಯವರ ಜೀವನದಲ್ಲಿಯೇ ಇದೆ. 1888ರಲ್ಲಿ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದ ಅವರು ಸಸ್ಯಾಹಾರ ದೊರೆಯದೆ ಬಳಲಿದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಉಪಾಹಾರ ಗೃಹ ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡ ನಂತರವೇ ಅವರು ಊಟಕ್ಕೆ ಕುಳಿತರು. ಅದುವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು ಅದನ್ನು ಓದಿದ ಮೇಲೆ ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಊಟವನ್ನೂ ಊಟದ ಪುಸ್ತಕವನ್ನೂ ಒಂದೇ ಬಾಗಿಲಲ್ಲಿ ಮಾರುವ ಜಾಣ್ಮೆ ಆ ಹೊತ್ತಿಗೇ ಲಂಡನ್ನಿನ ವ್ಯಾಪಾರಿಗಳಿಗೆ ತಿಳಿದಿತ್ತು.

ಮುಂದೆ ಗಾಂಧೀಜಿಯವರೇ ದಕ್ಷಿಣ ಆಫ್ರಿಕದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಆರೋಗ್ಯವನ್ನು ಕುರಿತು ಲೇಖನಮಾಲೆ ಬರೆದರು. ಅದು ಪುಸ್ತಕವಾಗಿ ಅವರ ಬರಹಗಳಲ್ಲಿಯೇ ಅತಿ ಹೆಚ್ಚು ಪ್ರಚಾರ ಪಡೆಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಲು ಅವರು ಬಂದಾಗ ಆ ಪುಸ್ತಕ ಪ್ರಕಟವಾಗಿ ಬಹುಕಾಲವಾಗಿತ್ತು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದ ನಂತರ ಕೈಕುಟ್ಟಿದ ಅಕ್ಕಿ, ಗಾಣದ ಎಣ್ಣೆ, ಬೆಲ್ಲ, ಹಸಿ ಸೊಪ್ಪು ಇವುಗಳ ಪರವಾಗಿ ‘ಹರಿಜನ’ ಪತ್ರಿಕೆಯಲ್ಲಿ ಸತತವಾಗಿ ಬರೆದರು. ಇಂದು ರವಿವಾರ ಪೇಟೆಗೆ ಬರುವ ಗ್ರಾಹಕನ ಚೀಟಿಯಲ್ಲಿಯೂ ಹೆಚ್ಚು ಕಡಿಮೆ ಇದೇ ಪಟ್ಟಿ ಇದೆ.

ವರ್ತಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಮ್ಮ ಪುಸ್ತಕದಲ್ಲಿ ಗಾಂಧೀಜಿ ಹಾಲನ್ನು ವರ್ಜಿಸಬೇಕೆಂದು ವಾದಿಸಿದ್ದರು. ಆದರೆ ತೀವ್ರ ಕಾಯಿಲೆಯ ನಂತರ ಅವರೇ ಆಡಿನ ಹಾಲು ಸೇವಿಸಬೇಕಾಯಿತು. ತಮ್ಮ ಪುಸ್ತಕವನ್ನು ನಂಬಿ ಹಾಲು ಬಿಟ್ಟವರು, ಅದರಿಂದ ಪ್ರಯೋಜನ ಕಾಣದಿದ್ದರೆ ಅಥವಾ ಅನುಭವಸ್ಥ ವೈದ್ಯರ ಸಲಹೆ ಇಲ್ಲದಿದ್ದರೆ ಪ್ರಯೋಗವನ್ನು ಮುಂದುವರಿಸಬಾರದೆಂದು ಆತ್ಮಕಥೆಯಲ್ಲಿ ಓದುಗರನ್ನು ಎಚ್ಚರಿಸಿದರು. ಗ್ರಂಥಕರ್ತನು ತನ್ನ ಮಾತನ್ನು ತಿದ್ದಿಕೊಳ್ಳಬಲ್ಲ. ಆ ಮಾತನ್ನು ಸಾವಿರಾರು ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದ ವ್ಯಾಪಾರಿಗೆ ಅಷ್ಟು ಸುಲಭದ ದಾರಿಯಿಲ್ಲ.

ಸಿರಿಧಾನ್ಯದ ಅಲೆ

ನಮ್ಮ ಕಾಲದಲ್ಲಿ ಕರ್ನಾಟಕದ ಧಾನ್ಯ ಮಾರುಕಟ್ಟೆಯನ್ನು ಪುಸ್ತಕ ಮತ್ತು ಉಪನ್ಯಾಸಗಳು ಅಲುಗಾಡಿಸಿದ್ದು ಸಿರಿಧಾನ್ಯಗಳ ವಿಷಯದಲ್ಲಿ. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಎಂಬ ಐದು ಧಾನ್ಯಗಳನ್ನು ನಿತ್ಯದ ಊಟಕ್ಕೆ ತರಬೇಕೆಂದು ಮೈಸೂರಿನ ಡಾ. ಖಾದರ್ ವಲಿ ಅವರು ಊರೂರು ಸುತ್ತಿ ಪ್ರಚಾರ ಮಾಡಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಸರ್ಕಾರಗಳೂ ಈ ದಿಸೆಯಲ್ಲಿ ಹೆಜ್ಜೆ ಇಟ್ಟವು. ಕೇಂದ್ರ ಸರ್ಕಾರವು 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದೇ ವರ್ಷ ಜನವರಿಯಲ್ಲಿ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಸಾವಯವ ಮತ್ತು ಸಿರಿಧಾನ್ಯಗಳ ಅಂತರರಾಷ್ಟ್ರೀಯ ಮೇಳ ನಡೆಸಿತು. 2019–20ರಲ್ಲಿ ‘ರೈತ ಸಿರಿ’ ಯೋಜನೆಯಡಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂ. ಪ್ರೋತ್ಸಾಹಧನ ಘೋಷಿಸಲಾಯಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವನ್ನಾಗಿ ಆಚರಿಸಿತು.

ಈ ಧಾನ್ಯಗಳ ಪೌಷ್ಟಿಕತೆಯಲ್ಲಿ ಹುರುಳಿಲ್ಲದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಪ್ರಕಟಿಸಿದ, ಬಹುಕಾಲದಿಂದ ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣಾಂಶವಿದೆ. ಗಿರಣಿಯ ಬಿಳಿ ಅಕ್ಕಿಯಲ್ಲಿ ಕೇವಲ 10 ಮಿಲಿಗ್ರಾಂ. ನವಣೆಯಲ್ಲಿ 12.3 ಗ್ರಾಂ ಪ್ರೋಟೀನು, ಅಕ್ಕಿಯಲ್ಲಿ 6.8 ಗ್ರಾಂ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನ ಸಂಕಲನವು, ಸಿರಿಧಾನ್ಯಗಳ ನಿಯಮಿತ ಸೇವನೆಯಿಂದ ಮಧುಮೇಹಿಗಳಲ್ಲಿ ಬರಿಹೊಟ್ಟೆಯ ರಕ್ತದ ಸಕ್ಕರೆ ಸರಾಸರಿ ಶೇ. 12ರಷ್ಟು ತಗ್ಗಿದುದನ್ನು ದಾಖಲಿಸಿತು.

ಶೇ. 12ರಷ್ಟು ತಗ್ಗುವುದು ಒಳ್ಳೆಯ ಫಲಿತಾಂಶ. ಆದರೆ ಅದು ರೋಗ ವಾಸಿಯಾಗುವುದಲ್ಲ. ಮಾರುಕಟ್ಟೆಯಲ್ಲಿ ದೊರೆಯುವ ಆಹಾರ ಪುಸ್ತಕಗಳಲ್ಲಿ ಕೆಲವು ಈ ಎರಡರ ನಡುವಿನ ಗೆರೆಯನ್ನು ಅಳಿಸಿಬಿಡುತ್ತವೆ. ಕೇವಲ ಸಸ್ಯಜನ್ಯ ಆಹಾರವನ್ನು ಸೇವಿಸುವವರಿಗೆ ಬಿ12 ಜೀವಸತ್ವ ಬೇರೆ ಮೂಲದಿಂದ ಬೇಕಾಗುತ್ತದೆ ಎಂಬ ಮಾತನ್ನೂ ಕೆಲವು ಬಿಟ್ಟುಬಿಡುತ್ತವೆ. ಸಮತೂಕದ ಸಲಹೆ ಬೇಕಾದವರಿಗೆ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯೇ ಇದೆ. ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 35 ಗ್ರಾಂ ಎಣ್ಣೆಕಾಳು ಮತ್ತು ಬೀಜಗಳು, 300 ಮಿಲಿಲೀಟರ್ ಹಾಲು ಇರಬೇಕೆಂದು ಅದು ಹೇಳುತ್ತದೆ. ಪೇಟೆಯ ದೃಷ್ಟಿಯಿಂದ ನೋಡಿದರೆ ಒಂದೇ ಧಾನ್ಯಕ್ಕಿಂತ ಬೇಳೆಕಾಳು, ಶೇಂಗಾ, ಎಳ್ಳು, ಗುರೆಳ್ಳು, ಅಗಸಿಗಳಿಗೂ ಇಲ್ಲಿ ಅವಕಾಶವಿದೆ.

ಪುಸ್ತಕ ಕಟ್ಟಿದ ಉದ್ಯಮ, ಪುಸ್ತಕ ಕೆಡವಿದ ಉದ್ಯಮ

ಹೊರನಾಡುಗಳ ಅನುಭವವೂ ಬೋಧಪ್ರದವಾಗಿದೆ. ಅಮೆರಿಕದ ಸಿಲ್ವೆಸ್ಟರ್ ಗ್ರಹಾಂ 1837ರಲ್ಲಿ ರೊಟ್ಟಿಯನ್ನು ಕುರಿತು ಪುಸ್ತಕ ಬರೆದು, ತೌಡು ತೆಗೆಯದ ಗೋಧಿ ಹಿಟ್ಟನ್ನು ಪ್ರತಿಪಾದಿಸಿದ. ಅವನ ವೈದ್ಯಕೀಯ ವಾದಗಳಲ್ಲಿ ಅನೇಕವು ಮರೆಯಾದವು. ಅವನ ಹೆಸರಿನ ಹಿಟ್ಟು ಮತ್ತು ಬಿಸ್ಕತ್ತು ಇಂದಿಗೂ ಮಾರಾಟವಾಗುತ್ತಿವೆ. ಬ್ಯಾಟಲ್ ಕ್ರೀಕಿನ ಆರೋಗ್ಯಧಾಮದಲ್ಲಿ ಡಾ. ಜಾನ್ ಹಾರ್ವೆ ಕೆಲ್ಲಾಗ್ ಸಸ್ಯಾಹಾರವನ್ನು ಬೋಧಿಸುತ್ತ ಗ್ರಂಥಗಳನ್ನು ಬರೆದರು. ಆದರೆ 1906ರಲ್ಲಿ ಮೆಕ್ಕೆಜೋಳದ ಅವಲಕ್ಕಿಯ ಕಂಪನಿ ಕಟ್ಟಿದವನು ಅವರ ತಮ್ಮ ವಿಲ್ ಕೀತ್ ಕೆಲ್ಲಾಗ್. ಅಣ್ಣನ ಚಿಕಿತ್ಸಾ ಸಿದ್ಧಾಂತವನ್ನು ಬದಿಗಿಟ್ಟು, ರುಚಿಯಾದ ಬೆಳಗಿನ ಉಪಾಹಾರವೆಂದು ಅದನ್ನು ಮಾರಿದ್ದರಿಂದ ಉದ್ಯಮ ನೆಲೆಯೂರಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಡಾ. ಅಟ್ಕಿನ್ಸ್ ಅವರದು. ಅದು ಸಸ್ಯಾಹಾರದ ಪುಸ್ತಕವಲ್ಲ. ಪಿಷ್ಟವನ್ನು ತಗ್ಗಿಸುವ ಆಹಾರಕ್ರಮದ್ದು. 1972ರಲ್ಲಿ ಮೊದಲು ಪ್ರಕಟವಾಗಿ, ಈ ಶತಮಾನದ ಆರಂಭದಲ್ಲಿ ಮತ್ತೆ ಭಾರಿ ಜನಪ್ರಿಯತೆ ಗಳಿಸಿತು. ಅವರ ಹೆಸರಿನ ಕಂಪನಿಯೂ ಅದನ್ನು ನೋಡಿ ಹಲವು ಆಹಾರ ತಯಾರಕರೂ ಅದೇ ಮಾದರಿಯ ಸರಕನ್ನು ಮಾರುಕಟ್ಟೆಗೆ ತುಂಬಿದರು. ಜನರ ಆಸಕ್ತಿ ಇಳಿದೊಡನೆ 2005ರಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಫ್ರಾನ್ಸಿಸ್ ಮೂರ್ ಲ್ಯಾಪೆ ಅವರ 1971ರ ಪ್ರಸಿದ್ಧ ಪುಸ್ತಕ ಮಾಂಸವಿಲ್ಲದೆಯೂ ಪ್ರೋಟೀನು ಪಡೆಯಬಹುದೆಂದು ತೋರಿಸಿತು. ಅದಕ್ಕಾಗಿ ಧಾನ್ಯ ಮತ್ತು ಬೇಳೆಯನ್ನು ಒಂದೇ ಊಟದಲ್ಲಿ ಲೆಕ್ಕ ಹಾಕಿ ಕೂಡಿಸಬೇಕೆಂದು ಹೇಳಿತ್ತು. 1981ರ ಆವೃತ್ತಿಯಲ್ಲಿ ಅಷ್ಟು ಕಟ್ಟುನಿಟ್ಟು ಅಗತ್ಯವಿಲ್ಲವೆಂದು ಲೇಖಕಿಯೇ ತಿದ್ದಿಕೊಂಡರು. ಜೋಳದ ರೊಟ್ಟಿಗೆ ಝುಣಕ ಅಥವಾ ಮಡಿಕೆ ಕಾಳಿನ ಪಲ್ಯ ಹಚ್ಚಿಕೊಂಡು ಉಣ್ಣುವ ನಮ್ಮ ಸೀಮೆಯವರಿಗೆ ಈ ಚರ್ಚೆಯ ಅಗತ್ಯವೇ ಬೀಳಲಿಲ್ಲ ಎನ್ನಬಹುದು. ಈ ಎಲ್ಲ ನಿದರ್ಶನಗಳ ಸಾರ ಇಷ್ಟೆ: ಪುಸ್ತಕದಿಂದ ಬಂದ ಬೇಡಿಕೆ ಏರುವುದೂ ಬೇಗ, ಇಳಿಯುವುದೂ ಬೇಗ. ಆ ಅವಧಿಯಲ್ಲಿ ಊಟದ ತಟ್ಟೆಯಲ್ಲಿ ಸ್ಥಾನ ಗಳಿಸಿಕೊಂಡ ಸರಕು ಮಾತ್ರ ಉಳಿಯುತ್ತದೆ.

ಪುಸ್ತಕದಲ್ಲಿಲ್ಲದ, ಪೇಟೆಗೆ ಗೊತ್ತಿರುವ ಸಂಗತಿಗಳು

ಸಿರಿಧಾನ್ಯವನ್ನು ಕೊಳ್ಳುವವನ ಮೊದಲ ತೊಡಕು ಹೆಸರಿನದು. ಬೆಳಗಾವಿಯು ಕನ್ನಡ, ಮರಾಠಿ ಎರಡೂ ಕೂಡಿದ ಪೇಟೆ. ರಾಗಿ ಇಲ್ಲಿ ನಾಚಣಿಯೂ ಹೌದು. ನವಣೆ ರಾಳೆಯೂ ಹೌದು. ಸಾಮೆಯನ್ನು ಹಳ್ಳಿಯವರು ಸಾವಿ ಎನ್ನುತ್ತಾರೆ. ಉಪವಾಸಕ್ಕೆ ಕೊಳ್ಳುವ ವರಿ ಅಥವಾ ಭಗರ ಎಂಬ ಹೆಸರಿನಡಿ ಸಾಮೆಯೂ ಬರುವುದುಂಟು, ಊದಲೂ ಬರುವುದುಂಟು. ಖಾನಾಪುರದ ಗುಡ್ಡಗಾಡಿನ ಹಳ್ಳಿಗಳಲ್ಲಿ ನಾಚಣಿ ಹೊಸ ಪುಸ್ತಕಗಳಿಗಿಂತ ಬಹು ಹಿಂದಿನಿಂದಲೂ ಬೆಳೆಯುವ, ಉಣ್ಣುವ ಧಾನ್ಯ. ಪುಸ್ತಕದ ಹೆಸರನ್ನೂ ಪೇಟೆಯ ಹೆಸರನ್ನೂ ಒಟ್ಟಿಗೆ ಬರೆದು ಚೀಲಕ್ಕೆ ಕಟ್ಟುವುದು ಸಣ್ಣ ಕೆಲಸವೆನಿಸಿದರೂ, ಮಾರಿದ ಸರಕು ಮರಳಿ ಬರುವುದನ್ನು ತಪ್ಪಿಸುತ್ತದೆ.

ಎರಡನೆಯದು ಗಿರಣಿಯ ಲೆಕ್ಕ. ಕಿರುಧಾನ್ಯಗಳ ಮೇಲಿನ ಗಟ್ಟಿ ಹೊಟ್ಟನ್ನು ತೆಗೆದಾಗ ತೂಕ ಬಹಳಷ್ಟು ಇಳಿಯುತ್ತದೆ. ಲೆಕ್ಕಕ್ಕಾಗಿ 100 ಕಿಲೋ ಕಾಳಿಗೆ 65 ಕಿಲೋ ಅಕ್ಕಿ ಬಂತೆಂದೂ ಕಾಳಿನ ದರ ಕಿಲೋಗೆ 40 ರೂ. ಎಂದೂ ಹಿಡಿದರೆ, ಗಿರಣಿ ಖರ್ಚು, ಕೂಲಿ, ಚೀಲ, ಸಾಗಣೆ ಸೇರುವ ಮೊದಲೇ ಅಕ್ಕಿಯ ಅಸಲು ಕಿಲೋಗೆ ಸುಮಾರು 61.50 ರೂ. ಆಗುತ್ತದೆ. ನುಚ್ಚು ಹೆಚ್ಚಾದಷ್ಟೂ ಅಸಲು ಏರುತ್ತದೆ. ಸಿರಿಧಾನ್ಯ ದುಬಾರಿ ಏಕೆಂದು ಕೇಳುವ ಗ್ರಾಹಕನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಅವನಿಗೆ ಅರ್ಥವಾಗದಿರದು.

ಮೂರನೆಯದು ದಾಸ್ತಾನು. ಹೊಟ್ಟು ತೆಗೆಯದ ಕಾಳು ಬಹುಕಾಲ ತಾಳುತ್ತದೆ. ಹೊಟ್ಟು ತೆಗೆದು ತೌಡನ್ನು ಉಳಿಸಿಕೊಂಡ, ಪಾಲಿಶ್ ಮಾಡದ ಅಕ್ಕಿಯಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ; ಹುಳುವೂ ಬೇಗ ಬೀಳುತ್ತದೆ. ಸಜ್ಜೆಯ ಹಿಟ್ಟಿನ ವಿಷಯದಲ್ಲಿ ಇದು ಗೃಹಿಣಿಯರಿಗೂ ತಿಳಿದ ಮಾತು. ಮಹಾರಾಷ್ಟ್ರದಲ್ಲಿ ಉಪವಾಸದ ದಿನಗಳಲ್ಲಿ ಭಗರ ಸೇವಿಸಿದವರು ಅಸ್ವಸ್ಥರಾದ ಪ್ರಕರಣಗಳು ಹಲವು ಬಾರಿ ವರದಿಯಾಗಿವೆ. ತೇವಕ್ಕೆ ಸಿಲುಕಿ ಬೂಷ್ಟು ಹಿಡಿದ ಸರಕು ಎಷ್ಟು ಅಪಾಯಕಾರಿ ಎಂಬುದನ್ನು ಬೆಳಗಾವಿಯ ಮಳೆಗಾಲವನ್ನು ಕಂಡವರು ಮರೆಯುವಂತಿಲ್ಲ. ಕಾಳನ್ನು ಕಾಳಾಗಿಯೇ ಸಂಗ್ರಹಿಸಿ, ಬೇಡಿಕೆಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಗಿರಣಿಗೆ ಹಾಕಿಸುವುದು ಸುರಕ್ಷಿತ ಮಾರ್ಗ. ಆಹಾರ ಸುರಕ್ಷತಾ ಪ್ರಾಧಿಕಾರವು 2023ರ ಸೆಪ್ಟೆಂಬರ್ 1ರಿಂದ ಜಾರಿಗೊಳಿಸಿದ 15 ಸಿರಿಧಾನ್ಯಗಳ ಸಾಮಾನ್ಯ ಮಾನಕದಲ್ಲಿ ತೇವಾಂಶಕ್ಕೆ ಶೇ. 13ರ ಗರಿಷ್ಠ ಮಿತಿ ಇದೆ. ಹುಳು ಹಿಡಿದ ಕಾಳು, ಕಸಕಡ್ಡಿ, ಇತರ ಧಾನ್ಯಗಳ ಬೆರಕೆ ಇವುಗಳಿಗೂ ಮಿತಿಗಳಿವೆ. ಖರೀದಿಯ ಹೊತ್ತಿಗೆ ತೇವಮಾಪಕದಿಂದ ಅಳೆಯುವ ರೂಢಿ ಇನ್ನು ಐಚ್ಛಿಕವೆಂದು ಭಾವಿಸಲಾಗದು.

ಕಾನೂನಿನ ಗೆರೆ ಎಲ್ಲಿದೆ?

ಒಬ್ಬ ಲೇಖಕನು ತನ್ನ ಅಭಿಪ್ರಾಯವನ್ನು ಪುಸ್ತಕದಲ್ಲಿ ಬರೆಯುವುದು ಒಂದು ವಿಷಯ. ಅದೇ ಮಾತನ್ನು ಸರಕಿನ ಮಾರಾಟಕ್ಕಾಗಿ ಬಳಸುವುದು ಬೇರೆಯೇ ವಿಷಯ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದದ ವ್ಯಾಪ್ತಿ ದೊಡ್ಡದು. ಪತ್ರಿಕೆ, ದೂರದರ್ಶನ, ಅಂತರಜಾಲ ಮಾತ್ರವಲ್ಲದೆ ಸುತ್ತೋಲೆ, ಲೇಬಲ್, ಹೊದಿಕೆ ಕಾಗದ ಹಾಗೂ ಬಿಲ್ಲು ಕೂಡ ಅದರೊಳಗೆ ಬರುತ್ತವೆ. ಎಂದರೆ, ಬಿಲ್ಲಿನ ಹಿಂಬದಿಯಲ್ಲಿ ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಮುದ್ರಿಸುವುದೂ ಜಾಹೀರಾತೇ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಕಾಯ್ದೆಯ 53ನೇ ಕಲಮಿನಂತೆ 10 ಲಕ್ಷ ರೂ. ವರೆಗೆ ದಂಡ ವಿಧಿಸಲು ಅವಕಾಶವಿದೆ.

2019ರ ಜುಲೈ 1ರಿಂದ ಜಾರಿಗೆ ಬಂದ ಜಾಹೀರಾತು ಮತ್ತು ಘೋಷಣೆಗಳ ನಿಯಮಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. ಆಹಾರವು ರೋಗವನ್ನು ತಡೆಯುತ್ತದೆ, ವಾಸಿ ಮಾಡುತ್ತದೆ ಎಂದು ಹೇಳುವಂತಿಲ್ಲ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಮೊದಲಾದ ರೋಗಗಳ ಹೆಸರಿನಲ್ಲಿ ಗುಣಪಡಿಸುವ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯೂ ನಿರ್ಬಂಧಿಸುತ್ತದೆ.

ಹಾಗಾದರೆ ಏನು ಹೇಳಬಹುದು? 100 ಗ್ರಾಂ ಸರಕಿನಲ್ಲಿ ಕನಿಷ್ಠ 3 ಗ್ರಾಂ ನಾರಿನಂಶವಿದ್ದರೆ ನಾರಿನ ಮೂಲವೆಂದೂ, 6 ಗ್ರಾಂ ಇದ್ದರೆ ಹೆಚ್ಚು ನಾರುಳ್ಳದ್ದೆಂದೂ ಹೇಳಲು ನಿಯಮದಲ್ಲಿ ಅವಕಾಶವಿದೆ. ಆದರೆ ಪುಸ್ತಕದ ಕೋಷ್ಟಕದಿಂದ ಅಂಕಿ ನಕಲು ಮಾಡಿದರೆ ಸಾಲದು. ಪಾಲಿಶ್ ಹೆಚ್ಚಿದಂತೆ ನಾರು ಕಡಿಮೆಯಾಗುತ್ತದೆ. ತಳಿ, ಗಿರಣಿಗಳಿಗೆ ತಕ್ಕಂತೆ ಅಂಕಿ ಬದಲಾಗುತ್ತದೆ. ತಮ್ಮದೇ ಸರಕಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ ಕೈಯಲ್ಲಿರಬೇಕು. ‘ಸಾವಯವ’ ಎಂದು ಬರೆಯಲು ಪ್ರಮಾಣೀಕರಣ ಬೇಕು. ಸಂಪೂರ್ಣ ಸಸ್ಯಜನ್ಯವೆಂಬ ‘ವೀಗನ್’ ಗುರುತಿಗೆ 2022ರ ಪ್ರತ್ಯೇಕ ನಿಯಮಗಳಿವೆ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಆ ಗುರುತು ಸಲ್ಲುವುದಿಲ್ಲ. ಬೆಳಗಾವಿಯ ಕುಂದಾ ಸಸ್ಯಾಹಾರವೇ ಆದರೂ ಹಾಲಿನಿಂದಾದದ್ದು. ಶೇಂಗಾ ಚಟ್ನಿಯಾದರೋ ಹಾಲು, ತುಪ್ಪಗಳ ಸೋಂಕಿಲ್ಲದ್ದು.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. 2022ರ ಜುಲೈ 18ರಿಂದ, ಮೊದಲೇ ತೂಗಿ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಧಾನ್ಯ ಹಾಗೂ ಹಿಟ್ಟಿಗೆ ಶೇ. 5 ಜಿಎಸ್‌ಟಿ ವಿಧಿಸಲಾಯಿತು. ಬಿಡಿಯಾಗಿ ಮಾರುವ ಧಾನ್ಯಕ್ಕೆ ಇಲ್ಲ. ಮುದ್ರಿತ ಪುಸ್ತಕಗಳಿಗೆ ತೆರಿಗೆಯಿಲ್ಲ. ಆದರೆ ಪುಸ್ತಕ ಮತ್ತು ಧಾನ್ಯದ ಪೊಟ್ಟಣಗಳನ್ನು ಒಂದೇ ಬೆಲೆಗೆ ಜೋಡಿಸಿ ಮಾರಿದರೆ ಅದು ಮಿಶ್ರ ಪೂರೈಕೆಯೆನಿಸಿ, ಅವುಗಳಲ್ಲಿ ಹೆಚ್ಚಿನ ದರವೇ ಪೂರ್ತಿ ಬೆಲೆಗೆ ಅನ್ವಯವಾಗಬಹುದು. ಇಂತಹ ಯೋಜನೆಗೆ ಮುನ್ನ ತೆರಿಗೆ ಸಲಹೆಗಾರರನ್ನು ಕೇಳುವುದು ಒಳಿತು.

ಮುಂದಿನ ದಾರಿ

ಪುಸ್ತಕಗಳನ್ನು ಅಲಕ್ಷಿಸುವುದು ಜಾಣತನವಲ್ಲ. ಗ್ರಾಹಕ ಏನನ್ನು ಓದುತ್ತಿದ್ದಾನೆಂದು ತಿಳಿದ ವರ್ತಕನಿಗೆ ನಾಳೆಯ ಬೇಡಿಕೆಯ ಸುಳಿವು ಇಂದೇ ಸಿಗುತ್ತದೆ. ಹೊಸ ಸರಕನ್ನು ಮೊದಲು ಕೆಲವೇ ಚೀಲ ತರಿಸಿ, ಅದೇ ಗ್ರಾಹಕ ಎರಡನೆಯ ಬಾರಿ, ಮೂರನೆಯ ಬಾರಿ ಬರುವನೇ ಎಂದು ನೋಡಿ ಬಂಡವಾಳ ಹೂಡುವುದು ಕ್ಷೇಮಕರ. ಪೊಟ್ಟಣದ ಮೇಲೆ ರೋಗದ ಹೆಸರಿನ ಬದಲು ಧಾನ್ಯದ ಹೆಸರು, ಬೆಳೆದ ಊರು, ಗಿರಣಿಗೆ ಹಾಕಿಸಿದ ತಿಂಗಳು, ನೆನೆಸುವ ಹೊತ್ತು, ಅಡುಗೆಯ ವಿಧಾನ ಇರಲಿ. ಸಾಮೆಯ ಅನ್ನ ಮುದ್ದೆಯಾಯಿತೆಂದು ಬೇಸರಗೊಂಡ ಗೃಹಿಣಿ ಎಷ್ಟೇ ಪುಸ್ತಕ ಓದಿದ್ದರೂ ಮತ್ತೆ ಕೊಳ್ಳುವುದಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಿರುಧಾನ್ಯಗಳ ತಳಿ, ಸಂಸ್ಕರಣೆ ಮತ್ತು ತಿನಿಸುಗಳ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಬೆಳಗಾವಿಯಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯಪದ್ಧತಿಗಳ ರಾಷ್ಟ್ರೀಯ ಸಂಸ್ಥೆ ಇದೆ. ಪುಸ್ತಕದ ಮಾತು ಎಷ್ಟರ ಮಟ್ಟಿಗೆ ಸರಿ ಎಂದು ಕೇಳಲು ಇಂತಹ ನೆಲೆಗಳು ಒಂದೆರಡು ತಾಸಿನ ಹಾದಿಯಲ್ಲಿರುವುದು ಈ ಭಾಗದ ವರ್ತಕರ ಹಾಗೂ ಉದ್ದಿಮೆದಾರರ ಭಾಗ್ಯವೇ ಸರಿ.

ಪುಸ್ತಕವು ಗ್ರಾಹಕನನ್ನು ಒಮ್ಮೆ ಅಂಗಡಿಯ ಬಾಗಿಲಿಗೆ ಕರೆತರಬಲ್ಲದು. ಅವನು ಎರಡನೆಯ ಸಲ ಬರುವುದು ಕಸವಿಲ್ಲದ ಕಾಳು, ಸರಿಯಾದ ತೂಕ ಮತ್ತು ನಂಬಬಹುದಾದ ಮಾತಿಗಾಗಿ. ರವಿವಾರ ಪೇಟೆಗೆ ಈ ಮೂರೂ ಹೊಸ ಪಾಠಗಳೇನಲ್ಲ.